ಒಮ್ಮೆ ಸಿಕ್ಕ ರಕ್ಷಣೆ ಕೈತಪ್ಪಿ ಹೋದೀತೇ?

ರೋಹಿಣಿಯ ಸೆಕ್ಟರುಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪ. ಆರ್.ಕೆ. ಪುರಂ ಕಡೆಯವರಿಗೆ ಕರ್ನಾಟಕ ಸಂಘ ಪಕ್ಕದಲ್ಲೇ ಇದೆ, ಲೋಧಿ ಎಸ್ಟೇಟಿನವರಿಗೆ ಕನ್ನಡ ಶಾಲೆ ಇದೆ. ನಾವು ಮಾತ್ರ ಒಂದು ಯಕ್ಷಗಾನ ನೋಡಬೇಕೆಂದರೂ ಮೆಟ್ರೋ ಬದಲಿಸಿ ಬದಲಿಸಿ ಊರಿನ ಇನ್ನೊಂದು ತುದಿಗೆ ಹೋಗಬೇಕು. ಹೀಗಿರುವಾಗ ಸೆಕ್ಟರಿನ ಪಾರ್ಕಿನಲ್ಲಿ ಹಿರಿಯ ಹೆಂಗಸೊಬ್ಬರು ಫೋನಿನಲ್ಲಿ "ಹ್ಯಾಂಗಿದ್ದಿ? ಉಂಡಿ ಏನು?" ಎಂದದ್ದು ಕೇಳಿ ನಾನು ವಾಕಿಂಗ್ ಮರೆತು ನಿಂತುಬಿಟ್ಟೆ. ಬೀದರಿನವರು. ಮಗಳ ಮನೆಯಲ್ಲಿದ್ದಾರೆ. ಮೆಥೋಡಿಸ್ಟ್ ಸಭೆಯವರು, ಅವರ ಅಜ್ಜಿಯ ಕಾಲದಿಂದ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ.

ಅವರ ಸಂಕಟ ತಿಳಿದದ್ದು ಪರಿಚಯವಾಗಿ ಮೂರ್ನಾಲ್ಕು ತಿಂಗಳಾದ ಮೇಲೆ. ನೊಯ್ಡಾದಲ್ಲಿ ಕೆಲಸ ಮಾಡುವ ಮಗ ಎಂಟು ವರ್ಷದ ಹಿಂದೆ ಪ್ರೀತಿಸಿ ಮದುವೆಯಾದ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕೆಂದರೆ 30 ದಿನ ಮುಂಚೆ ನೋಟಿಸ್ ಹಾಕಬೇಕು. ಹುಡುಗಿಯ ಮನೆಯವರಿಗೆ ಅಷ್ಟು ತಡೆಯುವ ತಾಳ್ಮೆ ಇರಲಿಲ್ಲ. ದೆಹಲಿಯಲ್ಲಿ ಬಹಳ ಜನ ಮಾಡುವಂತೆ ಇವರೂ ಆರ್ಯಸಮಾಜದ ವಿಧಿಯಲ್ಲಿ ಮದುವೆ ಮುಗಿಸಿದರು. ಹುಡುಗ ಹಿಂದೂ ಅಲ್ಲವಾದ್ದರಿಂದ ಮೊದಲು ಶುದ್ಧಿ ಸಂಸ್ಕಾರ. ಅದಕ್ಕೊಂದು ಪ್ರಮಾಣಪತ್ರ. ಹುಡುಗ ಸಹಿ ಹಾಕಿದ, ಹೋಮದ ಮುಂದೆ ಕೂತ, ಎದ್ದು ಬಂದ. ಆಮೇಲೆ ಚರ್ಚಿಗೂ ಹೋಗಲಿಲ್ಲ, ದೇವಸ್ಥಾನಕ್ಕೂ ಹೋಗಲಿಲ್ಲ. ಕಳೆದ ವರ್ಷ ದೊಡ್ಡ ಕಾಯಿಲೆಯೊಂದರಿಂದ ಎದ್ದವನು "ಅವ್ವಾ, ಮತ್ತ ಚರ್ಚಿಗೆ ಬರ್ಲ್ಯಾ?" ಎಂದು ಕೇಳಿದ್ದಾನೆ.

ತಾಯಿ ಖುಷಿಯಿಂದ ಇದನ್ನು ತಾವು ವಾರಕ್ಕೊಮ್ಮೆ ಹೋಗುವ ಮನೆ ಪ್ರಾರ್ಥನಾ ಕೂಟದಲ್ಲಿ ಹೇಳಿದರು. ಕೂಟ ನಡೆಸುವವರು, ನಿಮ್ಮ ಮಗನ ರಕ್ಷಣೆ ಆ ದಿನವೇ ಹೋಯಿತು, ಈಗ ಮತ್ತೆ ನೀರಿನಲ್ಲಿ ಮುಳುಗಿ ಮೊದಲಿನಿಂದ ಶುರು ಮಾಡಬೇಕು ಎಂದರು. ಅಲ್ಲೇ ಕೂತಿದ್ದ ಇನ್ನೊಬ್ಬರು, ಹಾಗಲ್ಲ, ಒಮ್ಮೆ ಸಿಕ್ಕ ರಕ್ಷಣೆ ಹೋಗುವುದೇ ಇಲ್ಲ, ಹೋಯಿತೆಂದರೆ ಅವನಿಗೆ ಅದು ಸಿಕ್ಕಿಯೇ ಇರಲಿಲ್ಲ ಎಂದರು.

"ಇಬ್ಬರೂ ಬೈಬಲ್ ತೆಗದೇ ತೋರಿಸಿದ್ರು ತಮ್ಮಾ," ಎಂದರು ಆ ತಾಯಿ. "ಒಬ್ಬರು ನನ್ನ ಮಗ ಕಳಕೊಂಡ ಅಂದ್ರು, ಒಬ್ಬರು ಅವನ ಹತ್ರ ಇರ್ಲೇ ಇಲ್ಲ ಅಂದ್ರು. ಯಾರದು ಖರೇ? ನಾ ಅವನಿಗೆ ಏನ್ ಹೇಳ್ಲಿ?"

ನಾನು ಕ್ರೈಸ್ತನಲ್ಲ. ಆದರೆ ಹುಟ್ಟಿದ್ದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯಲ್ಲಿ. ಚಿಕ್ಕಂದಿನಲ್ಲಿ ಗಂಜಾಂನ ನಿಮಿಷಾಂಬ ಗುಡಿಗೆ ಹೋದಾಗಲೆಲ್ಲ ಅಲ್ಲೊಂದು ಹಳೆಯ ಚರ್ಚು ಕಣ್ಣಿಗೆ ಬೀಳುತ್ತಿತ್ತು. ಊರವರು ಅದನ್ನು ಅಬ್ಬೆ ದುಬಾಯ್ ಚರ್ಚು ಎನ್ನುತ್ತಾರೆ. ಈ ತಾಯಿಯ ಪ್ರಶ್ನೆಯನ್ನು ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಾವಿರಾರು ಜನ ಅಲ್ಲಿ ಕೇಳಿದ್ದರು ಎಂಬುದು ಬಹಳ ತಡವಾಗಿ ನನಗೆ ತಿಳಿಯಿತು.

ಮೊದಲು ಬೈಬಲ್ಲಿನ ವಿಷಯ. ಪ್ರಾರ್ಥನಾ ಕೂಟದ ಆ ಇಬ್ಬರೂ ಸುಳ್ಳು ತೋರಿಸಿರಲಿಲ್ಲ. ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ತನ್ನ ಕುರಿಗಳ ಬಗ್ಗೆ ಹೇಳುತ್ತಾ, ಅವುಗಳನ್ನು ತನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಎಂದು ಭರವಸೆ ಕೊಡುತ್ತಾನೆ. ಪೌಲನು ರೋಮಿನವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದ ಕೊನೆಯೂ ಇದೇ ಧಾಟಿಯದು. ಇತ್ತ ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯ, ಬೆಳಕು ಕಂಡು ರುಚಿ ನೋಡಿ ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದೇ ಅಸಾಧ್ಯ ಎಂದು ಎದೆ ನಡುಗಿಸುತ್ತದೆ. ಇನ್ನು ಯೋಹಾನನ ಮೊದಲನೆಯ ಪತ್ರ, ನಮ್ಮನ್ನು ಬಿಟ್ಟುಹೋದವರು ನಿಜಕ್ಕೂ ನಮ್ಮವರಾಗಿರಲೇ ಇಲ್ಲ ಎಂಬರ್ಥದ ಮಾತಾಡುತ್ತದೆ. ಇವೆಲ್ಲದರ ನಡುವೆ ಪೇತ್ರನ ಕಥೆ ಬೇರೆ. ಒಂದೇ ರಾತ್ರಿಯಲ್ಲಿ ಮೂರು ಸಲ ಗುರುವನ್ನು ಗೊತ್ತೇ ಇಲ್ಲ ಎಂದವನ ಕೈಗೇ ಆಮೇಲೆ ಕುರಿಗಳನ್ನು ಒಪ್ಪಿಸಲಾಗುತ್ತದೆ. ವಾಕ್ಯಕ್ಕೆ ವಾಕ್ಯ ಎದುರಿಟ್ಟು ಕೂತರೆ ಬೆಳಗಾದರೂ ಮುಗಿಯುವುದಿಲ್ಲ. ಹಾಗಾಗಿ, ನಿಜವಾಗಿ ಬಿದ್ದವರು ಬಾಗಿಲಿಗೆ ಬಂದು ನಿಂತಾಗ ಸಭೆಗಳು ಏನು ಮಾಡಿದವು ಎಂದು ನೋಡುವುದು ನನಗೆ ಹೆಚ್ಚು ಉಪಯೋಗದ್ದೆನಿಸಿತು.

ಇಂಥ ದೊಡ್ಡ ಪರೀಕ್ಷೆ ಮೊದಲು ಬಂದದ್ದು ಕ್ರಿ.ಶ. 250ರಲ್ಲಿ. ರೋಮಿನ ಚಕ್ರವರ್ತಿ ಡೆಸಿಯಸ್, ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಕೊಟ್ಟು, ನೈವೇದ್ಯದ ಮಾಂಸ ರುಚಿ ನೋಡಿ, ಅಧಿಕಾರಿಗಳಿಂದ ಚೀಟಿ ಪಡೆಯಬೇಕು ಎಂದು ಆಜ್ಞೆ ಹೊರಡಿಸಿದ. ಈಜಿಪ್ಟಿನ ಮರಳಿನಲ್ಲಿ ಆ ಚೀಟಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಪಪೈರಸ್ಸಿನ ತುಂಡು, ಅದರಲ್ಲಿ ಹೆಸರು, ಊರು, ಇಂಥವರು ಬಲಿ ಕೊಟ್ಟದ್ದನ್ನು ಕಂಡಿದ್ದೇವೆ ಎಂಬ ಸಾಕ್ಷಿ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಜಾಣತನ ಮಾಡಿ, ಬಲಿ ಕೊಡದೆಯೇ ಲಂಚ ಕೊಟ್ಟು ಚೀಟಿ ಮಾತ್ರ ತಂದುಕೊಂಡರು. ಸರ್ಕಾರಿ ಕಚೇರಿಗಳು ಅಂದೂ ಇಂದೂ ಒಂದೇ ನೋಡಿ.

ಡೆಸಿಯಸ್ ಮರುವರ್ಷವೇ ಯುದ್ಧದಲ್ಲಿ ಸತ್ತ. ಬಿದ್ದವರು ಗುಂಪು ಗುಂಪಾಗಿ ಮರಳಿ ಬಂದರು. ರೋಮಿನಲ್ಲಿ ನೊವೇಶಿಯನ್ ಎಂಬ ಗುರು, ಇವರನ್ನು ಕ್ಷಮಿಸುವ ಅಧಿಕಾರ ಸಭೆಗೆ ಇಲ್ಲವೇ ಇಲ್ಲ, ದೇವರು ಬೇಕಾದರೆ ಕ್ಷಮಿಸಲಿ ಎಂದು ಬಾಗಿಲು ಹಾಕಿದ. ತನ್ನದೇ ಬೇರೆ ಸಭೆ ಕಟ್ಟಿದ. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕೂಡ ಮೊದಲಿಗೆ ಬಿಗಿಯಾಗಿಯೇ ಇದ್ದ. ಆದರೆ 251ರಲ್ಲಿ ಅವನೂ ಸುತ್ತಲಿನ ಬಿಷಪ್ಪರೂ ಕೂತು, ಒಬ್ಬೊಬ್ಬರ ಪ್ರಕರಣವನ್ನೂ ಬೇರೆ ಬೇರೆಯಾಗಿ ನೋಡಲು ತೀರ್ಮಾನಿಸಿದರು. ಚೀಟಿ ಮಾತ್ರ ಕೊಂಡವರಿಗೆ ಹಗುರ, ಬಲಿ ಕೊಟ್ಟವರಿಗೆ ದೀರ್ಘ ಪ್ರಾಯಶ್ಚಿತ್ತ, ಸಾಯುವ ಸ್ಥಿತಿಯಲ್ಲಿದ್ದರೆ ಕೂಡಲೇ ಸಮಾಧಾನ. 325ರ ನೈಸಿಯ ಮಹಾಸಭೆ ಇನ್ನೂ ಮುಂದೆ ಹೋಗಿ ಲೆಕ್ಕವನ್ನೇ ಹಾಕಿಕೊಟ್ಟಿತು. ಯಾರ ಬಲವಂತವೂ ಇಲ್ಲದೆ ನಂಬಿಕೆ ಬಿಟ್ಟವರು ಮೂರು ವರ್ಷ ವಾಕ್ಯ ಕೇಳುವವರ ಸಾಲಿನಲ್ಲಿ, ಏಳು ವರ್ಷ ಅಡ್ಡಬೀಳುವವರ ಸಾಲಿನಲ್ಲಿ, ಎರಡು ವರ್ಷ ಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರ ಪಾಲುಗೊಳ್ಳಬೇಕು. ಒಟ್ಟು ಹನ್ನೆರಡು ವರ್ಷ! ಇಂಥವರು ಕರುಣೆಗೆ ಅರ್ಹರಲ್ಲದಿದ್ದರೂ ಮಹಾಸಭೆ ಕರುಣೆ ತೋರಲು ಬಯಸಿತ್ತು. ಕಠಿಣವೇ. ಆದರೆ ಆ ಹನ್ನೆರಡು ವರ್ಷದ ಕೊನೆಗೆ ಒಂದು ಬಾಗಿಲಿತ್ತು ಎಂಬುದನ್ನು ಗಮನಿಸಿ. ಮತ್ತೆ ದೀಕ್ಷಾಸ್ನಾನ ಕೊಡುವ ಮಾತು ಅಲ್ಲೆಲ್ಲೂ ಇಲ್ಲ.

ಅದೇಕೆ ಎಂಬುದಕ್ಕೆ ಮುಂದೆ ಆಗಸ್ಟೀನ್ ಒಂದು ಉಪಮೆ ಕೊಟ್ಟ. ಆ ಕಾಲದ ಸೈನಿಕನ ಮೈಮೇಲೆ ದಳದ ಮುದ್ರೆ ಇರುತ್ತಿತ್ತು. ಸೈನಿಕ ಓಡಿಹೋದ, ಆಮೇಲೆ ಹಿಡಿತಕ್ಕೆ ಸಿಕ್ಕ ಅಥವಾ ತಾನೇ ಮರಳಿದ ಎನ್ನಿ. ಶಿಕ್ಷೆ ಇರಬಹುದು, ಕ್ಷಮೆ ಇರಬಹುದು; ಆದರೆ ಅವನಿಗೆ ಹೊಸದಾಗಿ ಮುದ್ರೆ ಒತ್ತುವುದಿಲ್ಲ. ಹಳೆಯದು ಅಳಿಸಿರುವುದಿಲ್ಲವಲ್ಲ. ದೀಕ್ಷಾಸ್ನಾನವೂ ಹಾಗೆ. ಕಥೋಲಿಕರು ಇಂದಿಗೂ ಇದನ್ನೇ ಹೇಳುವುದು. ಕೃಪೆ ಒಂದು, ಮುದ್ರೆ ಇನ್ನೊಂದು. ಕೃಪೆ ಕಳೆದುಹೋಗಬಲ್ಲದು, ಮುದ್ರೆ ಹೋಗದು. ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶ್ರೀರಂಗಪಟ್ಟಣದ ಕಥೆ ಅರ್ಥವಾಗುತ್ತದೆ.

1784ರ ಆರಂಭ. ಎರಡನೇ ಮೈಸೂರು ಯುದ್ಧ ಮುಗಿಯುವ ಹೊತ್ತು. ಟಿಪ್ಪು ಮಂಗಳೂರನ್ನು ಇಂಗ್ಲಿಷರಿಂದ ಮರಳಿ ಪಡೆದಿದ್ದ. ಕರಾವಳಿಯ ಕೊಂಕಣಿ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಸಿಟ್ಟು. ಆ ವರ್ಷದ ವಿಭೂತಿ ಬುಧವಾರದ ಹೊತ್ತಿಗೆ ಅವರನ್ನೆಲ್ಲ ಹಿಡಿಸಿ, ಚರ್ಚುಗಳನ್ನು ಕೆಡವಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 30,000 ಎನ್ನುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ದಾರಿಯಲ್ಲಿ ಸತ್ತವರು ಬಹಳ. ತಲುಪಿದವರಿಗೆ ಮತಾಂತರ, ಗಂಡಸರಿಗೆ ಸುನ್ನತಿ, ಗಟ್ಟಿಮುಟ್ಟಾದ ಹುಡುಗರಿಗೆ ಚೇಲಾ ದಳಗಳಲ್ಲಿ ಸಿಪಾಯಿ ಕೆಲಸ. ಟಿಪ್ಪು ಬಗ್ಗೆ ಜಗಳವಾಡಲು ನಮ್ಮಲ್ಲಿ ಎರಡೂ ಕಡೆ ಸಾಕಷ್ಟು ಜನರಿದ್ದಾರೆ, ಅವರ ಕೆಲಸ ಅವರಿಗಿರಲಿ. ನನಗೆ ಬೇಕಾಗಿರುವುದು ಸೆರೆಯವರು. ಪಾದ್ರಿಗಳಿಲ್ಲ, ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಹದಿನೈದು ವರ್ಷ ಹೊಸ ಹೆಸರು, ಹೊಸ ಪ್ರಾರ್ಥನೆ. ಮಗುವಾಗಿ ಬಂದವರು ಅಲ್ಲೇ ದೊಡ್ಡವರಾದರು. ಕೆಲವರು ಕೊಡಗಿಗೆ ತಪ್ಪಿಸಿಕೊಂಡರು. ಹಾಗೆ ಓಡಿಬಂದವರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಶುರುವಾದದ್ದು ಅವರಿಗಾಗಿಯೇ.

1799ರ ಮೇ 4ರಂದು ಕೋಟೆ ಬಿತ್ತು. ಸೆರೆ ಬಿಚ್ಚಿತು. ಈಗ ಈ ಜನ ಯಾರು? ಕ್ರೈಸ್ತರೇ? ರಕ್ಷಣೆ ಕಳೆದುಕೊಂಡವರೇ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದು ಜಾನ್ ಆಂಟೋನಿ ದುಬಾಯ್ ಎಂಬ ಫ್ರೆಂಚ್ ಪಾದ್ರಿಗೆ. ಹಿಂದೂ ಆಚಾರವಿಚಾರಗಳ ಬಗೆಗಿನ ಅವನ ಪುಸ್ತಕದ ಹೆಸರನ್ನು ಇತಿಹಾಸ ಓದಿದ ಕನ್ನಡಿಗರು ಕೇಳಿರುತ್ತೀರಿ. ಅದರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ದುಡ್ಡು ಕೊಟ್ಟು ಕೊಂಡಿತ್ತು. (ಅದರಲ್ಲಿ ಬಹುಪಾಲು ಹಿಂದಿನ ಇನ್ನೊಬ್ಬ ಪಾದ್ರಿಯ ಸಾಮಗ್ರಿ ಎಂದು ವಿದ್ವಾಂಸರು ಆಮೇಲೆ ತೋರಿಸಿದರು, ಅದು ಬೇರೆ ಮಾತು.) 1792ರಲ್ಲಿ ಭಾರತಕ್ಕೆ ಬಂದವನು, ಇಲ್ಲಿಯವರಂತೆಯೇ ಉಡುತ್ತಿದ್ದ. ಜನ ದೊಡ್ಡಸ್ವಾಮಿಯವರು ಎನ್ನುತ್ತಿದ್ದರಂತೆ. ಕೋಟೆ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿದರು. ಗಂಜಾಂನ ಚರ್ಚು ಆಗಿನದು.

ಮರಳಿ ಬಂದವರು ಅವನಿಗೆ ಹೇಳಿದ್ದು ಬಹಳ ಸರಳ. ನಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಒಳಗಡೆ ನಂಬಿಕೆಯನ್ನು ಇಟ್ಟುಕೊಂಡೇ ಇದ್ದೆವು. ಹೀಗೆ ಸುಮಾರು ಎರಡು ಸಾವಿರ ಜನರು ತನ್ನ ಪಾಲಿಗೆ ಬಂದರು ಎಂದು ದುಬಾಯ್ ಬರೆದುಕೊಂಡಿದ್ದಾನೆ. ಅವರನ್ನು ಅವನು ಸಭೆಗೆ ಸೇರಿಸಿಕೊಂಡ. ಷರತ್ತುಗಳೂ ಹಗುರವಾಗಿದ್ದವು. ನೈಸಿಯದ ಹನ್ನೆರಡು ವರ್ಷದ ಲೆಕ್ಕ ಇಲ್ಲಿ ಯಾರೂ ಹಾಕಲಿಲ್ಲ. ಅದು ಬಲವಂತವಿಲ್ಲದೆ ಬಿಟ್ಟವರಿಗೆ, ಇವರದು ಬಲವಂತ. ಕಥೋಲಿಕ ನಿಯಮದಂತೆ ಇವರ ಹಳೆಯ ದೀಕ್ಷಾಸ್ನಾನ ಹಾಗೆಯೇ ನಿಂತಿತ್ತು. ಸೆರೆಯಲ್ಲೇ ಹುಟ್ಟಿ ದೀಕ್ಷಾಸ್ನಾನವೇ ಆಗದಿದ್ದ ಮಕ್ಕಳದು ಬೇರೆ ವಿಷಯ. ದೊಡ್ಡವರಿಗೆ ಬೇಕಾದದ್ದು ಪಾಪನಿವೇದನೆ ಮತ್ತು ಕ್ಷಮೆ. ಹಡಗು ಒಡೆದ ಮೇಲೆ ಕೈಗೆ ಸಿಗುವ ಎರಡನೇ ಹಲಗೆ ಎಂದು ಹಳೆಯ ಪಾದ್ರಿಗಳು ಅದನ್ನು ಕರೆಯುತ್ತಿದ್ದರು. ಆ ಗಂಡಸರ ಮೈಮೇಲೆ ಈಗ ಒಂದು ಗುರುತು ಇತ್ತು, ಅದೂ ಅಳಿಸುವಂಥದ್ದಲ್ಲ. ಅದಕ್ಕಿಂತ ಹಳೆಯದಾದ, ಕಣ್ಣಿಗೆ ಕಾಣದ ಇನ್ನೊಂದು ಗುರುತು ಇನ್ನೂ ಇದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದಾಗ ಅವರಿಗೆ ಏನನ್ನಿಸಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ದುಬಾಯ್ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಮೂವತ್ತೊಂದು ವರ್ಷ ಇಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಹೊರಟವನು, ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ ಇದೇ ಜನರನ್ನು ಕಟುವಾಗಿ ಬೈದಿದ್ದಾನೆ. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ನಂಬಿಕೆಗಾಗಿ ಪ್ರಾಣ ಕೊಡಲು ಮುಂದೆ ಬರಲಿಲ್ಲವಲ್ಲ, ಎಲ್ಲರೂ ಒಟ್ಟಿಗೆ ತಲೆಬಾಗಿದರಲ್ಲ ಎಂದು ನಾಚಿಕೆಪಡುತ್ತಾನೆ. ಈ ದೇಶದಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸವೇ ಆಗದ ಮಾತು ಎಂಬ ತೀರ್ಮಾನಕ್ಕೆ ಇದನ್ನೂ ಒಂದು ಪುರಾವೆಯಾಗಿ ಬಳಸುತ್ತಾನೆ. ಪ್ರಾಟೆಸ್ಟಂಟ್ ಮಿಷನರಿಗಳು ಅದಕ್ಕೆ ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಇದನ್ನು ಓದಿದಾಗ ನನಗೆ ದುಬಾಯ್ ಮೇಲೆ ಸ್ವಲ್ಪ ಸಿಟ್ಟು ಬಂತು. ಬೈದವನು ಸುಲ್ತಾನನ ಸಿಪಾಯಿಯ ಮುಂದೆ ಮಂಡಿಯೂರಿ ಕೂತವನಲ್ಲ. ಆದರೂ ಬೈಗುಳ ಬಂದದ್ದು ಪುಸ್ತಕದಲ್ಲಿ, ಇಪ್ಪತ್ತು ವರ್ಷಗಳ ಮೇಲೆ. ಜನ ಬಂದು ಎದುರಿಗೆ ನಿಂತ ದಿನ ಬಾಗಿಲು ತೆರೆದೇ ಇತ್ತು. ಮರಳಿದವರಲ್ಲಿ ಬಹಳ ಮಂದಿ ಕರಾವಳಿಗೆ ಹೋಗಿ ಚರ್ಚು ಮನೆಗಳನ್ನು ಮತ್ತೆ ಕಟ್ಟಿಕೊಂಡರು. ಇಂದಿನ ಮಂಗಳೂರು ಕಥೋಲಿಕರಲ್ಲಿ ಎಷ್ಟೋ ಮನೆತನಗಳು ಆ ಬಾಗಿಲಿನಿಂದ ಒಳಬಂದವರ ಸಂತತಿ. ಮರಳದೆ ಮುಸ್ಲಿಮರಾಗಿಯೇ ಉಳಿದವರೂ ಇದ್ದರು.

ಪ್ರಾಣ ಕೊಟ್ಟವರು ಬೇಕೆಂದರೆ ನಮ್ಮ ದೆಹಲಿಯಲ್ಲೇ ಸಿಗುತ್ತಾರೆ. ರೋಹಿಣಿ ವೆಸ್ಟಿನಲ್ಲಿ ರೆಡ್ ಲೈನ್ ಹತ್ತಿದರೆ ಬದಲಿಸದೆ ಕಾಶ್ಮೀರಿ ಗೇಟಿಗೆ ಹೋಗಬಹುದು. ಅಲ್ಲಿ ಸ್ಕಿನ್ನರ್ ಕಟ್ಟಿಸಿದ, 1836ರ ಸೇಂಟ್ ಜೇಮ್ಸ್ ಚರ್ಚು ಇದೆ. 1852ರಲ್ಲಿ ಅಲ್ಲಿ ದೆಹಲಿ ಕಾಲೇಜಿನ ಗಣಿತದ ಮೇಷ್ಟ್ರು ರಾಮಚಂದ್ರ ಮತ್ತು ಡಾಕ್ಟರ್ ಚಮನ್ ಲಾಲ್ ದೀಕ್ಷಾಸ್ನಾನ ಪಡೆದರು. ಐದೇ ವರ್ಷ. 1857ರ ದಂಗೆ ದೆಹಲಿ ಮುಟ್ಟಿದಾಗ ಚಮನ್ ಲಾಲ್ ಸತ್ತರು, ರಾಮಚಂದ್ರ ಅಡಗಿಕೊಂಡು ತಪ್ಪಿಸಿಕೊಂಡರು. ವಿಲಾಯತ್ ಅಲಿ ಎಂಬ ಬ್ಯಾಪ್ಟಿಸ್ಟ್ ಪ್ರಚಾರಕರು ಮಾತ್ರ ನೇರವಾಗಿ ಆ ಪ್ರಶ್ನೆಯ ಮುಂದೆ ನಿಂತರು. ಕಲ್ಮಾ ಹೇಳಿ ಬದುಕಿಕೋ ಎಂದಾಗ ಒಪ್ಪದೆ ಕತ್ತಿಗೆ ಬಲಿಯಾದರೆಂದು ಬದುಕುಳಿದ ಅವರ ಹೆಂಡತಿ ಹೇಳಿದ್ದಾರೆ. ನಿಂತವರು, ಓಡಿದವರು, ಬಿದ್ದು ಎದ್ದವರು, ಮೂವರೂ ಒಂದೇ ದೇವರ ಮಕ್ಕಳೋ ಅಲ್ಲವೋ ಎಂಬುದೇ ಆ ತಾಯಿಯ ಪ್ರಶ್ನೆ.

ಪ್ರಾಟೆಸ್ಟಂಟರಲ್ಲಿ ಇದು ಇನ್ನೊಂದು ರೂಪ ತಾಳಿತು. ಅವರಲ್ಲಿ ಪಾದ್ರಿಯ ಕಿವಿಯಲ್ಲಿ ಹೇಳುವ ಪಾಪನಿವೇದನೆ ಹೋಯಿತು. ರಕ್ಷಣೆ ನಂಬಿಕೆಯಿಂದಲೇ ಎಂದಾದ ಮೇಲೆ ನಂಬಿಕೆ ತಪ್ಪಿದರೆ ಗತಿಯೇನು? ಕಾಲ್ವಿನ್ ಹಾದಿಯವರ ಉತ್ತರ: ಆರಿಸಿಕೊಂಡವನು ದೇವರು, ಹಿಡಿದಿರುವವನೂ ಅವನೇ, ಅವನ ಕೈ ಸಡಿಲವಾಗದು. ಹಾಲೆಂಡಿನಲ್ಲಿ ಅರ್ಮೀನಿಯಸ್‌ನ ಶಿಷ್ಯರು ಇದನ್ನು ಪ್ರಶ್ನಿಸಿದಾಗ 1618ರಲ್ಲಿ ಡಾರ್ಟ್ ಎಂಬ ಊರಿನಲ್ಲಿ ಸಭೆ ಕೂಡಿ, ತಿಂಗಳುಗಟ್ಟಲೆ ವಾದಿಸಿ, ಮರುವರ್ಷ ಕಾಲ್ವಿನ್ ಪಕ್ಷವನ್ನೇ ಎತ್ತಿಹಿಡಿಯಿತು. ಆದರೆ ಪ್ರಾರ್ಥನಾ ಕೂಟದಲ್ಲಿ "ಒಮ್ಮೆ ಸಿಕ್ಕರೆ ಹೋಗುವುದೇ ಇಲ್ಲ" ಎಂದವರು ಡಾರ್ಟಿನ ತೀರ್ಮಾನವನ್ನು ಪೂರ್ತಿ ಓದಿರಲಿಕ್ಕಿಲ್ಲ. ಅದು ಹೇಳುವುದು ಹೀಗೆ: ದೇವರ ಮಕ್ಕಳೂ ಭಯಂಕರವಾಗಿ ಬೀಳಬಹುದು, ದಾವೀದ ಬಿದ್ದ, ಪೇತ್ರ ಬಿದ್ದ, ಆದರೆ ದೇವರು ಅವರನ್ನು ಪೂರ್ತಿ ಬಿದ್ದುಹೋಗಲು ಬಿಡದೆ ಮತ್ತೆ ಎಬ್ಬಿಸುತ್ತಾನೆ. ಅಂದರೆ ಬಿದ್ದವನನ್ನು ನೋಡಿ "ಇವನಿಗೆ ಸಿಕ್ಕೇ ಇರಲಿಲ್ಲ" ಎಂದು ಷರಾ ಬರೆಯುವ ಅಧಿಕಾರ ಪಕ್ಕದಲ್ಲಿ ಕೂತವರಿಗೆ ಇಲ್ಲ. ಅವನು ಎದ್ದು ಬರುತ್ತಿದ್ದಾನೆಂದರೆ, ಆ ಲೆಕ್ಕದಲ್ಲೇ, ಹಿಡಿದ ಕೈ ಬಿಟ್ಟಿಲ್ಲ ಎಂದರ್ಥ.

ನೂರು ವರ್ಷಗಳ ಮೇಲೆ ಇಂಗ್ಲೆಂಡಿನ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ಬಿಡುವುದು ಮನುಷ್ಯನ ಕೈಯಲ್ಲೂ ಇದೆ, ನಿಜವಾದ ನಂಬಿಕೆಯೂ ಹಡಗಿನಂತೆ ಒಡೆಯಬಲ್ಲದು ಎಂದ. ಹಾಗೆಂದು ಹೆದರಿಸಿ ಸುಮ್ಮನಾಗಲಿಲ್ಲ. ಹಿಂಜಾರಿದವರಿಗೆಂದೇ ಒಂದು ಪ್ರಸಂಗ ಬರೆದು, ಹಾಗೆ ಜಾರಿದ ಎಷ್ಟೋ ಜನ ಮರಳಿ ಬಂದದ್ದನ್ನು ತಾನೇ ಕಂಡಿದ್ದೇನೆ ಎಂದು ಧೈರ್ಯ ತುಂಬಿದ.

ಸ್ವಾರಸ್ಯವೆಂದರೆ ಈ ಎರಡೂ ಪಕ್ಷಗಳು ಹಡಗು ಹತ್ತಿ ನಮ್ಮ ನಾಡಿಗೇ ಬಂದವು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್. ಕನ್ನಡ ಬೈಬಲ್ಲಿಗಾಗಿ ದುಡಿದ ಜಾನ್ ಹ್ಯಾಂಡ್ಸ್ ಅದರವನು, ಆ ಮಿಷನ್ನಿನ ಹೆಚ್ಚಿನವರು ಕಾಲ್ವಿನ್ ಹಾದಿಯವರು. ಬೆಂಗಳೂರು, ಗುಬ್ಬಿ, ತುಮಕೂರು ಕಡೆ ವೆಸ್ಲಿಯನ್ನರು. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿದ ಬಾಸೆಲ್ ಮಿಷನ್ನಿನಲ್ಲಿ ಲೂಥರ್ ಕಡೆಯವರೂ ಕಾಲ್ವಿನ್ ಕಡೆಯವರೂ ಒಟ್ಟಿಗಿದ್ದರು. ಬೆಳಗಾವಿಯದು ಇನ್ನೂ ಮಜ. ಲಂಡನ್ ಮಿಷನ್ 1820ರಿಂದ ನಡೆಸಿದ ಅಲ್ಲಿನ ಕೆಲಸವನ್ನು 1904ರಲ್ಲಿ ಅಮೆರಿಕನ್ ಮೆಥೋಡಿಸ್ಟರಿಗೆ ಒಪ್ಪಿಸಲಾಯಿತು. ಡಾರ್ಟಿನವರೂ ವೆಸ್ಲಿಯೂ ಎದುರುಬದುರಾಗಿ ವಾದಿಸಿದ ವಿಷಯದಲ್ಲಿ ಅಲ್ಲಿನ ಜನ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂದದ್ದು ಬೆಂಚಿನ ಮೇಲಿಂದ ಏಳದೆಯೇ! 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಲಂಡನ್ ಮಿಷನ್ನಿನ ಸಭೆಗಳೂ ವೆಸ್ಲಿಯನ್ನರೂ ಆಂಗ್ಲಿಕನ್ನರೊಡನೆ ಒಂದೇ ಸಭೆಯಾದರು. 1970ರಲ್ಲಿ ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆಯೂ ಅಂಥದ್ದೇ ಕೂಡುಕುಟುಂಬ, ಅದರಲ್ಲಿ ಬ್ಯಾಪ್ಟಿಸ್ಟರೂ ಇದ್ದಾರೆ. ರಕ್ಷಣೆ ಕಳೆಯುತ್ತದೋ ಇಲ್ಲವೋ ಎಂಬುದನ್ನು ಬಗೆಹರಿಸಿಕೊಂಡೇ ಒಂದಾಗುತ್ತೇವೆ ಎಂದು ಅವರು ಹಟ ಹಿಡಿದಿದ್ದರೆ ಇಂದಿಗೂ ಕಮಿಟಿ ಮೀಟಿಂಗೇ ನಡೆಯುತ್ತಿರುತ್ತಿತ್ತು.

ಬೀದರಿನ ಮೆಥೋಡಿಸ್ಟರು ಅಮೆರಿಕನ್ ಶಾಖೆಯವರು. ಈ ಎರಡು ಕೂಡುಕುಟುಂಬಗಳಿಗೂ ಸೇರದೆ ಬೇರೆಯಾಗಿ ಉಳಿದರು. ಹಾಗಾಗಿ ಆ ತಾಯಿಯ ಸಭೆ ಏನನ್ನುತ್ತದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಮೆಥೋಡಿಸ್ಟರ ನಂಬಿಕೆಯ ಕಲಮುಗಳು ಇಪ್ಪತ್ತೈದು. ಅದರಲ್ಲಿ ಹನ್ನೆರಡನೆಯದು ನೇರವಾಗಿ ಈ ವಿಷಯದ್ದೇ. ಪವಿತ್ರಾತ್ಮನನ್ನು ಪಡೆದ ಮೇಲೂ ಮನುಷ್ಯ ಕೃಪೆಯಿಂದ ಜಾರಿ ಪಾಪದಲ್ಲಿ ಬೀಳಬಹುದು, ದೇವರ ಕೃಪೆಯಿಂದಲೇ ಮತ್ತೆ ಏಳಲೂಬಹುದು ಎಂಬುದು ಅದರ ಸಾರ. ಇನ್ನು ಪಾಪವೇ ಮಾಡಲಾರೆವು ಎನ್ನುವವರನ್ನೂ, ನಿಜವಾಗಿ ಪಶ್ಚಾತ್ತಾಪಪಟ್ಟವನಿಗೆ ಕ್ಷಮೆಯಿಲ್ಲ ಎನ್ನುವವರನ್ನೂ ಅದು ಒಟ್ಟಿಗೇ ತಳ್ಳಿಹಾಕುತ್ತದೆ. ನೊವೇಶಿಯನ್‌ಗೆ ಕೊಟ್ಟ ಉತ್ತರ ಸಾವಿರದ ಐನೂರು ವರ್ಷಗಳ ಮೇಲೂ ಹೆಚ್ಚು ಬದಲಾಗಿಲ್ಲ.

ಹಾಗಾದರೆ ಮತ್ತೆ ಮುಳುಗಬೇಕೆಂಬ ಮಾತು ಎಲ್ಲಿಂದ ಬಂತು? ಇಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ. ಬ್ಯಾಪ್ಟಿಸ್ಟರು, ಪೆಂಟಕಾಸ್ಟಲ್ ಸಭೆಯವರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ತಿಳುವಳಿಕೆ ಬಂದು ತಾನೇ ನಂಬಿ ಪಡೆಯುವುದೇ ದೀಕ್ಷಾಸ್ನಾನ ಎಂಬುದು ಅವರ ಮತ. ಮಗುವಾಗಿದ್ದಾಗ ತಲೆಯ ಮೇಲೆ ನೀರು ಹಾಕಿಸಿಕೊಂಡವನು ಅವರ ಕಡೆ ಸೇರಬಯಸಿದರೆ ಮುಳುಗಿ ಬಾ ಎನ್ನುತ್ತಾರೆ. ಅದು ಅವರ ಪ್ರಾಮಾಣಿಕ ನಂಬಿಕೆ, ಜಗಳ ತೆಗೆಯುವಂಥದ್ದೇನಿಲ್ಲ. ಆದರೆ ಅವನು ಮದುವೆಗೆ ಸಹಿ ಹಾಕಿದ್ದಕ್ಕೂ ಅದಕ್ಕೂ ಸಂಬಂಧವಿ​ಲ್ಲ. ಒಂದು ದಿನವೂ ಚರ್ಚು ತಪ್ಪಿಸದ ಅವನ ಅಕ್ಕನಿಗೂ ಅವರು ಅದನ್ನೇ ಹೇಳುತ್ತಾರೆ. ಮಗ ಏನನ್ನೋ ಕಳೆದುಕೊಂಡ ಶಿಕ್ಷೆಯಾಗಿ ನೀರಿಗಿಳಿಯಬೇಕು ಎಂದು ತಾಯಿಗೆ ಅರ್ಥವಾಗುವ ಹಾಗೆ ಹೇಳಿದ್ದು ಮಾತ್ರ ತಪ್ಪು ಎಂದು ನನ್ನ ಅಭಿಪ್ರಾಯ.

ಇದಿಷ್ಟನ್ನೂ ಪಾರ್ಕಿನ ಬೆಂಚಿನ ಮೇಲೆ, ಎರಡು ಮೂರು ಸಂಜೆ, ನನಗೆ ತಿಳಿದ ಮಟ್ಟಿಗೆ ಹೇಳಿದೆ. ಡಾರ್ಟಿನ ಸಭೆಯ ಬಗ್ಗೆ ಅವರಿಗೆ ಆಸಕ್ತಿ ಹುಟ್ಟಲಿಲ್ಲ. ಈಜಿಪ್ಟಿನ ಚೀಟಿಗಳ ಮಾತು ಬಂದಾಗ ಮಾತ್ರ ನಿಲ್ಲಿಸಿ, "ಅವರಿಗೂ ಸರ್ಟಿಫಿಕೇಟ್ ಕೊಟ್ಟಿದ್ರೇನು?" ಎಂದು ಕೇಳಿದರು. ಶ್ರೀರಂಗಪಟ್ಟಣದ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಹದಿನೈದು ವರ್ಷ ಅಂದರಾ ಎಂದು ಖಚಿತ ಮಾಡಿಕೊಂಡು, ಬೆರಳು ಮಡಚಿ, "ನಮ್ಮವಂದು ಎಂಟೇ" ಎಂದರು.

ಹೋದ ಭಾನುವಾರ ಮನೆಗೆ ಕರೆದು ಚಹಾ ಕೊಟ್ಟರು. ಕನ್ನಡ ಬೈಬಲ್ಲಿನ ನಡುವಿನಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ಮೆಲ್ಲಗೆ ತೆಗೆದು ಬಿಡಿಸಿದರು. ಬೀದರಿನ ಸಭೆಯಲ್ಲಿ ಮಗನಿಗೆ ಆದ ದೀಕ್ಷಾಸ್ನಾನದ ಪತ್ರ. ಮಡಿಕೆಯ ಜಾಗದಲ್ಲಿ ಹರಿದಿದೆ, ಸಭಾಪಾಲಕರ ಸಹಿಯ ಮಸಿ ಕಂದು ಬಣ್ಣಕ್ಕೆ ತಿರುಗಿದೆ, ಮಗುವಿನ ಹೆಸರು ಮಾತ್ರ ಓದಲು ಬರುತ್ತದೆ. ಮಗ ಮುಂದಿನ ವಾರ ಬರುತ್ತಾನಂತೆ, ಮೊಮ್ಮಗಳನ್ನೂ ಕರೆದುಕೊಂಡು.

"ತಮ್ಮಾ, ಮೆಟ್ರೋ ಹತ್ರ ಜೆರಾಕ್ಸ್ ಅಂಗಡಿ ಅದಲಾ, ಅಲ್ಲಿ ಇದನ್ನ ಲ್ಯಾಮಿನೇಷನ್ ಮಾಡಿಸ್ಕೊಂಡು ಬಾ. ಜ್ವಾಕಿ, ಮಡಚಬ್ಯಾಡ."

ಮಡಚದೆ, ದಿನಪತ್ರಿಕೆಯ ನಡುವೆ ಇಟ್ಟುಕೊಂಡು ಹೋದೆ.